ಬಿದ್ದ ಬೈಕನ್ನು ಎತ್ತುವವರು ಯಾರು? ಮಣ್ಣುಹಾದಿಯ ಸವಾರಿಗೆ ಐದು ದಾರಿಗಳ ಹೋಲಿಕೆ

ಡಾಂಬರು ರಸ್ತೆಯಲ್ಲಿ ಕೈ ಪಳಗಿದವರಿಗೆ ಒಂದಲ್ಲ ಒಂದು ದಿನ ಮಣ್ಣಿನ ಹಾದಿಯ ಆಸೆ ಹುಟ್ಟುತ್ತದೆ. ಗೊಂದಲ ಶುರುವಾಗುವುದು ಆಮೇಲೆ. ಹಗುರವಾದ ಟ್ರೇಲ್ ಬೈಕ್ ಕೊಂಡು ಹತ್ತಿರದ ಹಾದಿಗಳಲ್ಲೇ ಓಡಾಡುವುದೋ, ಅದೇ ದುಡ್ಡಿನಲ್ಲಿ ಆಫ್ರಿಕಾದ ಮೊರಾಕೊಗೋ ಲೆಸೊಥೊಗೋ ಹತ್ತು ದಿನದ ಟೂರ್ ಹೋಗಿಬರುವುದೋ, ಹೇಗೂ ಹೋಗುವುದಾದರೆ ನಾಲ್ಕು ಜನಕ್ಕೆ ಉಪಕಾರವೂ ಆಗಲಿ ಎಂದು ದೇಣಿಗೆ ಎತ್ತುವ ಚಾರಿಟಿ ರೈಡ್‌ಗೆ ಹೆಸರು ಕೊಡುವುದೋ? ಓದುಗರು ಸುತ್ತಿಬಳಸಿ ಕೇಳುವುದು ಇದನ್ನೇ. ಇವುಗಳ ಜೊತೆಗೆ ಅಷ್ಟಾಗಿ ನೆನಪಿಗೆ ಬಾರದ ಇನ್ನೆರಡು ದಾರಿಗಳಿವೆ: ಆಫ್‌ರೋಡ್ ತರಬೇತಿ ಶಾಲೆ, ಮತ್ತು ಸ್ವಂತ ಬೈಕಿನಲ್ಲೇ ಗಡಿ ದಾಟಿ ಹೋಗುವುದು.

ಐದನ್ನೂ ತೂಗಲು ಒಂದು ಪ್ರಶ್ನೆ ಇಟ್ಟುಕೊಳ್ಳಿ: ಬೈಕ್ ಬಿದ್ದಾಗ ಎತ್ತುವವರು ಯಾರು? ಮಣ್ಣಿನಲ್ಲಿ ಬೈಕ್ ಬೀಳುವುದು ಅಪಘಾತವಲ್ಲ, ದಿನಚರಿ. ಹೊಸಬರು ಕೆಸರಿನ ಹಾದಿಯಲ್ಲಿ ದಿನಕ್ಕೆ ಐದಾರು ಸಲ ಬಿದ್ದರೂ ಅದರಲ್ಲಿ ವಿಶೇಷವೇನಿಲ್ಲ. ಎತ್ತುವುದೆಂದರೆ ಬರೀ ತೋಳ್ಬಲದ ಮಾತೂ ಅಲ್ಲ. ಮುರಿದ ಬ್ರೇಕ್ ಲಿವರ್ ಬದಲಿಸುವವರು, ಮೂಳೆ ಮುರಿದವರನ್ನು ಆಸ್ಪತ್ರೆಗೆ ಮುಟ್ಟಿಸುವವರು, ಕೊನೆಗೆ ಬಿಲ್ ಕಟ್ಟುವವರು, ಎಲ್ಲರೂ ಈ ಲೆಕ್ಕಕ್ಕೆ ಬರುತ್ತಾರೆ.

ಅಳೆಯುವುದು ಯಾವುದರಿಂದ

ಮೊದಲನೆಯದು, ಮಣ್ಣಿನ ಮೇಲೆ ಕಳೆದ ಗಂಟೆಗಳು. ರಸ್ತೆಯಲ್ಲಿ ಲಕ್ಷ ಕಿಲೋಮೀಟರ್ ಓಡಿಸಿದ್ದರೂ ಇಲ್ಲಿ ಅದು ಅರ್ಧ ಲೆಕ್ಕಕ್ಕಷ್ಟೇ ಬರುತ್ತದೆ. ಚಕ್ರ ಜಾರಿದ ಕೂಡಲೇ ಥ್ರಾಟಲ್ ಮುಚ್ಚಿ ಮುಂದಿನ ಬ್ರೇಕ್ ಹಿಡಿಯುವುದು ರಸ್ತೆ ಸವಾರನ ಕೈಗಂಟಿದ ಅಭ್ಯಾಸ, ಮರಳಿನಲ್ಲಿ ಕೆಡವುವುದೂ ಅದೇ ಅಭ್ಯಾಸ. ನಿಮ್ಮ ಮಟ್ಟ ತಿಳಿಯಲು ಒಂದು ಖಾಲಿ ಮಣ್ಣಿನ ಮೈದಾನ ಸಾಕು. ಫುಟ್‌ಪೆಗ್ ಮೇಲೆ ನಿಂತುಕೊಂಡೇ ಇಪ್ಪತ್ತು ನಿಮಿಷ ಓಡಿಸಲು ಆಗುತ್ತದೆಯೇ? ಹಿಂದಿನ ಚಕ್ರವನ್ನು ಬೇಕೆಂದೇ ಲಾಕ್ ಮಾಡಿ ನೇರವಾಗಿ ನಿಲ್ಲಿಸಲು ಬರುತ್ತದೆಯೇ? ಏರಿನ ಮಧ್ಯೆ ಎಂಜಿನ್ ಬಂದ್ ಆದರೆ ಬೈಕ್ ಕೆಡವದೆ ತಿರುಗಿಸಿಕೊಂಡು ಬರಬಲ್ಲಿರಾ? ಮೂರಕ್ಕೂ ಹೌದು ಎನ್ನುವವರಿಗೆ ಮುಂದಿನ ಐದು ದಾರಿಗಳೂ ತೆರೆದಿವೆ. ಮೂರಕ್ಕೂ ಇಲ್ಲವಾದರೆ ಸದ್ಯಕ್ಕೆ ಎರಡೇ: ಹತ್ತಿರದ ಟ್ರೇಲ್ ಮತ್ತು ತರಬೇತಿ ಶಾಲೆ.

ಎರಡನೆಯದು ತೂಕ. ಸಿ.ಸಿ. ಬಗ್ಗೆ ಗಂಟೆಗಟ್ಟಲೆ ವಾದಿಸುವವರು ತೂಕದ ವಿಷಯಕ್ಕೆ ಬಂದಾಗ ಮೌನವಾಗುವುದು ವಿಚಿತ್ರ. ಕೆಟಿಎಂ 350 ಇಎಕ್ಸ್‌ಸಿ-ಎಫ್‌ನಂಥ ಎಂಡ್ಯೂರೋ (ಮಣ್ಣುಹಾದಿಯ ಸ್ಪರ್ಧೆಗೆಂದೇ ಮಾಡಿದ) ಬೈಕ್ ಪೆಟ್ರೋಲ್ ಇಲ್ಲದೆ ನೂರು ಕೆ.ಜಿ.ಗಿಂತ ತುಸು ಹೆಚ್ಚು. ಹೋಂಡಾ ಸಿಆರ್‌ಎಫ್ 300 ಎಲ್ ಮತ್ತು ಸುಜುಕಿ ಡಿಆರ್-ಝಡ್ 400 ಎಸ್, ಎಲ್ಲ ತುಂಬಿಸಿಕೊಂಡು, 140 ಕೆ.ಜಿ. ದಾಟಿ ನಿಲ್ಲುತ್ತವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಸುಮಾರು 196. ಹೋಂಡಾ ಆಫ್ರಿಕಾ ಟ್ವಿನ್ 225ರ ಮೇಲೆ, ಬಿಎಂಡಬ್ಲ್ಯು ಆರ್ 1250 ಜಿಎಸ್ 249. ಪೆಟ್ಟಿಗೆಗಳನ್ನು ಏರಿಸಿದರೆ ಇನ್ನೂ ಮೂವತ್ತು ನಲವತ್ತು ಕೂಡಿಸಿಕೊಳ್ಳಿ. ದಿನದ ಮೊದಲ ಬೀಳುವಿಕೆಯಲ್ಲಿ 196 ಕೆ.ಜಿ. ದೊಡ್ಡದೆನಿಸುವುದಿಲ್ಲ. ಏಳನೆಯದರಲ್ಲಿ, ಹೆಲ್ಮೆಟ್ಟಿನೊಳಗೆ ಬೆವರು ಕಣ್ಣಿಗಿಳಿಯುವಾಗ, 142 ಕೂಡ ಭಾರವೇ.

ಮೂರನೆಯದು, ಸಹಾಯ ಎಷ್ಟು ಹೊತ್ತಿನ ದೂರದಲ್ಲಿದೆ ಎಂಬುದು. ಇದನ್ನು ಕಿಲೋಮೀಟರಿನಲ್ಲಲ್ಲ, ಗಂಟೆಯಲ್ಲಿ ಅಳೆಯಬೇಕು. ನಾಲ್ಕನೆಯದು ಹಣ. ಎಷ್ಟು ಎನ್ನುವುದಕ್ಕಿಂತ ಯಾವ ಬಗೆಯದು ಎನ್ನುವುದು ಮುಖ್ಯ: ಒಂದೇ ಸಲ ಹೋಗುವ ಹಣವೇ, ತಿಂಗಳು ತಿಂಗಳೂ ಸೋರುವ ಹಣವೇ, ಮಾರಿದರೆ ಅಷ್ಟಿಷ್ಟು ವಾಪಸ್ ಬರುವುದೇ, ಏನಾದರೂ ಎಡವಟ್ಟಾದರೆ ಮಾತ್ರ ಕೈಬಿಡುವ ಠೇವಣಿಯೇ. ಐದನೆಯದು, ದಿನದ ವೇಗವನ್ನು ತೀರ್ಮಾನಿಸುವವರು ನೀವೋ, ನಿಮ್ಮ ತಂಡವೋ.

ಹತ್ತಿರದ ಟ್ರೇಲ್, ಸ್ವಂತ ಹಗುರ ಬೈಕ್

ಕೌಶಲ ಬೆಳೆಯುವ ದೃಷ್ಟಿಯಿಂದ ಇದಕ್ಕೆ ಸಾಟಿಯಿಲ್ಲ. ವರ್ಷಕ್ಕೊಮ್ಮೆ ಹತ್ತು ದಿನ ಓಡಿಸುವವರಿಗಿಂತ ಹದಿನೈದು ದಿನಕ್ಕೊಮ್ಮೆ ಮೂರು ಗಂಟೆ ಓಡಿಸುವವರ ಕೈ ಬೇಗ ಪಳಗುತ್ತದೆ. ಬಿದ್ದರೆ ಎತ್ತುವವರು ನೀವು ಮತ್ತು ಜೊತೆಗಾರರು. ಹಾಗಾಗಿ ಕನಿಷ್ಠ ಮೂವರು ಹೋಗಿ: ಒಬ್ಬರಿಗೆ ಪೆಟ್ಟಾದರೆ ಒಬ್ಬರು ಪಕ್ಕದಲ್ಲಿ ಕೂರಬೇಕು, ಇನ್ನೊಬ್ಬರು ಸಿಗ್ನಲ್ ಸಿಗುವ ಜಾಗಕ್ಕೆ ಹೋಗಬೇಕು. ಇಬ್ಬರೇ ಇದ್ದರೆ ಎರಡರಲ್ಲೊಂದು ಕೆಲಸ ನಿಲ್ಲುತ್ತದೆ.

ಬೈಕ್ ಆಯ್ಕೆಯಲ್ಲಿ ಎಡವುವುದು ಇಲ್ಲೇ. ಅಪ್ಪಟ ಎಂಡ್ಯೂರೋ ಬೈಕ್ ಹಗುರ, ಸಸ್ಪೆನ್ಷನ್ ಅದ್ಭುತ, ಆದರೆ ಅದರ ನಿರ್ವಹಣೆ ಲೆಕ್ಕವಾಗುವುದು ಗಂಟೆಯಲ್ಲಿ. ಎಂಜಿನ್ ಆಯಿಲ್ ಹದಿನೈದು ಗಂಟೆಯ ಆಸುಪಾಸಿಗೆ, ನೂರು ಚಿಲ್ಲರೆ ಗಂಟೆಗೆ ಪಿಸ್ಟನ್. ವಾರವಾರ ಹೋಗುವವರಿಗೆ ಆಯಿಲ್ ಬದಲಿಸುವುದು ಹೆಚ್ಚುಕಡಿಮೆ ಪ್ರತಿ ತಿಂಗಳ ಕೆಲಸ. ಸಿಆರ್‌ಎಫ್ 300 ಎಲ್‌ನಂಥ ಡ್ಯುಯಲ್ ಸ್ಪೋರ್ಟ್, ಅಂದರೆ ರಸ್ತೆಗೂ ಮಣ್ಣಿಗೂ ಸಲ್ಲುವ, ಬೈಕಿಗೆ ಸಾವಿರಾರು ಕಿಲೋಮೀಟರಿಗೊಮ್ಮೆ ಆಯಿಲ್ ಸಾಕು, ನಂಬರ್ ಪ್ಲೇಟ್ ಇರುವುದರಿಂದ ಟ್ರೇಲ್‌ವರೆಗೆ ಓಡಿಸಿಕೊಂಡೇ ಹೋಗಬಹುದು. ಎಂಡ್ಯೂರೋ ಬೈಕನ್ನು ಪಿಕಪ್‌ನಲ್ಲೋ ಟ್ರೇಲರ್‌ನಲ್ಲೋ ಸಾಗಿಸಬೇಕಾದೀತು, ಆ ಖರ್ಚನ್ನು ಬೈಕಿನ ಬೆಲೆಗೆ ಸೇರಿಸದೆ ಮೋಸ ಹೋಗುವವರೇ ಹೆಚ್ಚು. ನಮ್ಮ ಅಭಿಪ್ರಾಯ ನೇರವಾಗಿ: ಮೊದಲ ಬೈಕ್ 150 ಕೆ.ಜಿ. ಒಳಗಿನದಾಗಿರಲಿ, ಸೆಕೆಂಡ್ ಹ್ಯಾಂಡ್ ಆಗಿರಲಿ. ಕೆಡವಲು ಹಿಂಜರಿಯುವಷ್ಟು ಚೆಂದದ ಬೈಕಿನಲ್ಲಿ ಕಲಿಯುವುದು ಕಷ್ಟ.

ಸೀಟಿನ ಎತ್ತರ ನೋಡಿ ಹೆದರುವವರಿದ್ದಾರೆ. ಸಿಆರ್‌ಎಫ್ 300 ಎಲ್ 880 ಮಿ.ಮೀ., ಡಿಆರ್-ಝಡ್ 935, ಎಂಡ್ಯೂರೋ ಬೈಕುಗಳು 950ರ ಮೇಲೆ. ಎರಡೂ ಪಾದ ನೆಲ ಮುಟ್ಟಲೇಬೇಕೆಂಬ ಹಟ ಬಿಡಿ. ಸೊಂಟ ಒಂದು ಪಕ್ಕಕ್ಕೆ ಸರಿಸಿ ಒಂದು ಪಾದ ಊರಿದರೆ ಸಾಕು. ಅದೂ ಆಗದಿದ್ದರೆ ಸೀಟಿನ ಫೋಮ್ ತಗ್ಗಿಸಿ, ಸಸ್ಪೆನ್ಷನ್ ಮುಟ್ಟುವುದು ಕೊನೆಗೆ. ಸಸ್ಪೆನ್ಷನ್ನಿನ ಲಿಂಕ್ ಬದಲಿಸಿ ಬೈಕ್ ಇಳಿಸಿದರೆ ನೆಲದಿಂದ ಎಂಜಿನ್ನಿಗಿರುವ ಅಂತರವೂ ಇಳಿಯುತ್ತದೆ, ಮೊದಲ ಬಂಡೆಗೇ ತಳ ಬಡಿಯುತ್ತದೆ.

ಕೊಂಡ ಮೇಲೆ ಮಾಡಬೇಕಾದ ಬದಲಾವಣೆಗಳು ಅಗ್ಗದವು. ಚೈನ್ ಓಡಿಸುವ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿ. 14ರಿಂದ 13ಕ್ಕೆ ಇಳಿದರೆ ಗೇರಿಂಗ್ ಶೇಕಡಾ 7ರಷ್ಟು ತಗ್ಗುತ್ತದೆ, ಮೊದಲ ಗೇರಿನಲ್ಲಿ ಕ್ಲಚ್ ತಿಕ್ಕದೆ ನಿಧಾನಕ್ಕೆ ಏರು ಹತ್ತಬಹುದು. ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳನ್ನು ನಿಂತಾಗ ಮಣಿಕಟ್ಟು ನೇರವಾಗಿರುವಂತೆ ಕೆಳಕ್ಕೆ ತಿರುಗಿಸಿ. ಲಿವರ್ ಹಿಡಿದಿರುವ ಕ್ಲಾಂಪ್ ಕೆಳಗೆ ಹ್ಯಾಂಡಲಿಗೆ ಎರಡು ಸುತ್ತು ಟೆಫ್ಲಾನ್ ಟೇಪ್ ಸುತ್ತಿ, ಬೋಲ್ಟ್ ಅನ್ನು ಸವಾರಿಯಲ್ಲಿ ಅಲುಗಾಡದಷ್ಟು, ಆದರೆ ಬಲವಾಗಿ ತಳ್ಳಿದರೆ ತಿರುಗುವಷ್ಟು ಮಾತ್ರ ಬಿಗಿ ಮಾಡಿ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ಎಂಜಿನ್ ತಳ ಕಾಯುವ ಅಲ್ಯೂಮಿನಿಯಂ ಬ್ಯಾಷ್ ಪ್ಲೇಟ್, ಹ್ಯಾಂಡಲನ್ನು ಎರಡೂ ತುದಿಯಲ್ಲಿ ಕಚ್ಚಿ ಹಿಡಿಯುವ ಹ್ಯಾಂಡ್‌ಗಾರ್ಡ್, ಇಷ್ಟಾದರೆ ಮೊದಲ ಆರು ತಿಂಗಳಿಗೆ ಧಾರಾಳ. ಸೈಲೆನ್ಸರ್ ಬದಲಿಸುವ ದುಡ್ಡಿಗೆ ಬೂಟು ಕೊಳ್ಳಿ.

ಟೈರಿನ ಗಾಳಿಯ ಬಗ್ಗೆ ತುಸು ವಿವರವಾಗಿಯೇ ಹೇಳಬೇಕು. ರಸ್ತೆಯ 28–30 ಪಿಎಸ್‌ಐ ಹಾಗೇ ಇಟ್ಟುಕೊಂಡು ಮಣ್ಣಿಗಿಳಿದರೆ ಟೈರು ನೆಲ ಕಚ್ಚುವುದಿಲ್ಲ, ಕಲ್ಲಿಂದ ಕಲ್ಲಿಗೆ ಪುಟಿಯುತ್ತದೆ. ಹಗುರ ಬೈಕಿನಲ್ಲಿ ಕೆಸರು, ಮರಳಿಗೆ 12–14, ಚೂಪು ಕಲ್ಲಿನ ಹಾದಿಗೆ 15–16. ಇಷ್ಟು ಇಳಿಸಬೇಕಾದರೆ ಟೈರನ್ನು ರಿಮ್ಮಿಗೆ ಕಚ್ಚಿಸುವ ರಿಮ್ ಲಾಕ್ ಇರಲೇಬೇಕು, ಇಲ್ಲವಾದರೆ ರಿಮ್ಮಿನ ಮೇಲೆ ಟೈರು ಜಾರಿ ತಿರುಗಿ ಟ್ಯೂಬಿನ ವಾಲ್ವನ್ನೇ ಕಿತ್ತುಹಾಕುತ್ತದೆ. 200 ಕೆ.ಜಿ.ಯ ಬೈಕಿಗೆ ಇದೇ ಲೆಕ್ಕ ಹಾಕಿದರೆ ಕಲ್ಲಿನ ಏಟಿಗೆ ಟ್ಯೂಬ್ ರಿಮ್ಮಿಗೆ ಸಿಕ್ಕಿ ಎರಡು ಸೀಳು ಬೀಳುತ್ತದೆ, ರಿಮ್ಮೂ ನೆಗ್ಗುತ್ತದೆ. ಅದಕ್ಕೆ 22–25ಕ್ಕಿಂತ ಕೆಳಗೆ ಬೇಡ. ಬೆನ್ನಚೀಲದಲ್ಲಿ 21 ಇಂಚಿನ ಒಂದು ಟ್ಯೂಬ್ ಸಾಕು, ತುರ್ತಿನಲ್ಲಿ ಅದನ್ನೇ 18 ಇಂಚಿನ ಹಿಂಚಕ್ರಕ್ಕೂ ಮಡಿಚಿ ತುಂಬಿ ಮನೆ ಸೇರಬಹುದು. ಜೊತೆಗೆ ಮೂರು ಟೈರ್ ಲಿವರ್, ಪಂಪು, ಚಕ್ರದ ಆಕ್ಸಲ್ ಬಿಚ್ಚುವ ಸ್ಪ್ಯಾನರ್, ಚೈನ್ ಜೋಡಿಸುವ ಲಿಂಕ್, ತಂತಿ, ಟೇಪು, ಒಂದು ಜೊತೆ ಬ್ರೇಕ್, ಕ್ಲಚ್ ಲಿವರ್.

ಎಂಜಿನ್ ಆಯಸ್ಸು ತಿನ್ನುವುದು ಬೀಳುವಿಕೆಯಲ್ಲ, ಧೂಳು. ಮುಂದಿನವರ ಧೂಳು ಕುಡಿದುಕೊಂಡು ಒಂದು ದಿನ ಓಡಿಸಿದರೆ ಫೋಮ್ ಏರ್ ಫಿಲ್ಟರನ್ನು ಅಂದೇ ತೊಳೆದು, ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ, ಅಂಚಿಗೆ ಗ್ರೀಸ್ ಸವರಿ ಕೂರಿಸಬೇಕು. ಅಂಚು ಸರಿಯಾಗಿ ಕೂರದಿದ್ದರೆ ಸೋರಿಹೋದ ನುಣುಪು ಮಣ್ಣು ಪಿಸ್ಟನ್ ರಿಂಗನ್ನು ಮರಳುಕಾಗದದಂತೆ ಉಜ್ಜಿಬಿಡುತ್ತದೆ.

ಈ ದಾರಿಯ ದೊಡ್ಡ ತೊಡಕು ಕಾನೂನು. ಕಣ್ಣಿಗೆ ಕಾಣುವ ಹಾದಿಯೆಲ್ಲ ಓಡಿಸಲು ಅನುಮತಿ ಇರುವ ಹಾದಿಯಲ್ಲ. ಇಂಗ್ಲೆಂಡಿನಲ್ಲಿ ಹಲವು ಹಳೆಯ, ಡಾಂಬರಿಲ್ಲದ ಹಸಿರು ಹಾದಿಗಳ ಮೇಲಿನ ಮೋಟಾರು ವಾಹನ ಹಕ್ಕು 2006ರ ಕಾನೂನಿನಿಂದ ಇಲ್ಲವಾಯಿತು. ನಾರ್ವೆಯಲ್ಲಿ ಊರಾಚೆಯ ನೆಲದಲ್ಲಿ ಮೋಟಾರು ಓಡಿಸುವುದಕ್ಕೆ 1977ರಿಂದಲೂ ಬಿಗಿ ನಿಷೇಧವಿದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲ್ ಮುಕ್ತವಾಗಿದ್ದರೂ ಸದ್ದು 96 ಡೆಸಿಬೆಲ್ ಮೀರುವಂತಿಲ್ಲ, ಕಿಡಿ ತಡೆಯುವ ಸ್ಪಾರ್ಕ್ ಅರೆಸ್ಟರ್ ಇರಬೇಕು. ನಿಮ್ಮಲ್ಲಿ ಕಾಡಂಚು, ಹುಲ್ಲುಗಾವಲು, ಖಾಸಗಿ ತೋಟ ಯಾವುದಕ್ಕೆ ಯಾರ ಒಪ್ಪಿಗೆ ಬೇಕೆಂಬುದನ್ನು ಬೈಕ್ ಕೊಳ್ಳುವ ಮೊದಲೇ ವಿಚಾರಿಸಿ. ಒಪ್ಪಿಗೆಯಿರುವ ಹಾದಿ ಮೂರು ಗಂಟೆ ದೂರದಲ್ಲಿದ್ದರೆ ಹದಿನೈದು ದಿನಕ್ಕೊಮ್ಮೆ ಎಂಬ ಲೆಕ್ಕವೇ ತಲೆಕೆಳಗಾಗುತ್ತದೆ.

ತರಬೇತಿ ಶಾಲೆ

ಕಡಿಮೆ ಹಣಕ್ಕೆ ಹೆಚ್ಚು ಕಲಿಯುವ ದಾರಿ. ಶಾಲೆಯದೇ ಬೈಕು, ಬಹಳ ಕಡೆ ಶಾಲೆಯದೇ ಬೂಟು, ಬಿದ್ದರೆ ಎತ್ತಲು ಪಕ್ಕದಲ್ಲೇ ಆಳು. ಎರಡು ದಿನದಲ್ಲಿ ಇದು ನಿಮಗೆ ಹಿಡಿಸುವ ಹವ್ಯಾಸ ಹೌದೋ ಅಲ್ಲವೋ ಎಂಬುದೂ ಗೊತ್ತಾಗುತ್ತದೆ. ಗೊತ್ತಾಗುವ ಮೊದಲೇ ಬೈಕ್ ಕೊಂಡವರ ಜಾಹೀರಾತುಗಳೇ ಸೆಕೆಂಡ್ ಹ್ಯಾಂಡ್ ಪೇಟೆಯನ್ನು ತುಂಬಿರುವುದು. ಒಬ್ಬ ಶಿಕ್ಷಕನಿಗೆ ಆರಕ್ಕಿಂತ ಹೆಚ್ಚು ಕಲಿಯುವವರಿದ್ದರೆ ದಿನದ ಅರ್ಧ ಸಾಲಿನಲ್ಲಿ ನಿಲ್ಲುವುದರಲ್ಲೇ ಕಳೆಯುತ್ತದೆ, ಅದನ್ನು ಕೇಳಿ.

ಪಾಠದ ಪಟ್ಟಿಯಲ್ಲಿ ಏರಿನಲ್ಲಿ ನಿಂತುಹೋದ ಬೈಕನ್ನು ಇಳಿಸುವ ವಿಧಾನ ಇದೆಯೇ ನೋಡಿ. ಅದು ಹೀಗೆ: ಎಂಜಿನ್ ನಿಂತ ಕೂಡಲೇ ಕ್ಲಚ್ ಬಿಟ್ಟೇ ಇರಿ, ಗೇರಿನಲ್ಲಿರುವ ಎಂಜಿನ್ನೇ ಹಿಂಚಕ್ರವನ್ನು ಕಚ್ಚಿ ಹಿಡಿಯುತ್ತದೆ. ಮುಂದಿನ ಬ್ರೇಕ್ ಹಿಡಿದು ಬೈಕಿನ ಎತ್ತರದ ಬದಿಗೆ ಇಳಿಯಿರಿ. ಹ್ಯಾಂಡಲ್ ಪೂರ್ತಿ ತಿರುಗಿಸಿ, ಮುಂದಿನ ಬ್ರೇಕ್ ಸಡಿಲಿಸಿ, ಕ್ಲಚ್ ಚೂರು ಒತ್ತಿ ಬಿಡುತ್ತಾ ಬೈಕನ್ನು ಗೇಣು ಗೇಣಾಗಿ ಹಿಂದಕ್ಕೆ ಜಾರಿಸಿ. ಇಲ್ಲಿ ಕ್ಲಚ್ಚೇ ಹಿಂದಿನ ಬ್ರೇಕ್. ಬೈಕ್ ಏರಿಗೆ ಅಡ್ಡವಾದ ಮೇಲೆ ಮೂತಿಯನ್ನು ತಗ್ಗಿಗೆ ತಿರುಗಿಸಿಕೊಳ್ಳಿ. ಹೊಸಬರು ಮಾಡುವುದು ಇದರ ತದ್ವಿರುದ್ಧ: ಗಾಬರಿಯಲ್ಲಿ ಕ್ಲಚ್ ಒತ್ತುತ್ತಾರೆ, ಮುಂದಿನ ಬ್ರೇಕ್ ಹಿಡಿದರೂ ಏರಿನಲ್ಲಿ ಆ ಚಕ್ರಕ್ಕೆ ಭಾರವಿರುವುದಿಲ್ಲ, ಬೈಕ್ ಸವಾರನ ಸಮೇತ ಹಿಂದಕ್ಕೆ ಓಡುತ್ತದೆ.

ಶಾಲೆಯ ಕೊರತೆಯೆಂದರೆ ಅಭ್ಯಾಸ ಬಿಟ್ಟರೆ ಆರು ತಿಂಗಳಲ್ಲಿ ಕಲಿತದ್ದು ಮಾಯವಾಗುವುದು. ಮತ್ತು ಇಲ್ಲಿ ನೋಡಲು ದೇಶವಿಲ್ಲ, ಮೈದಾನವಷ್ಟೇ.

ವಿದೇಶದ ಗೈಡೆಡ್ ಟೂರ್

ಬಾಡಿಗೆ ಬೈಕ್, ಮುಂದೊಬ್ಬ ಗೈಡ್, ಕೊನೆಯಲ್ಲಿ ಎಲ್ಲರನ್ನೂ ಗುಡಿಸಿಕೊಂಡು ಬರುವ ಇನ್ನೊಬ್ಬ, ಸಾಮಾನು ಹೊತ್ತ ಗಾಡಿ. ಬಿದ್ದ ಬೈಕನ್ನು ಎತ್ತುವ ಕೆಲಸಕ್ಕೆ ನೀವು ದುಡ್ಡು ಕೊಟ್ಟಿರುತ್ತೀರಿ. ಬೇಕಿರುವುದು ಹತ್ತು ದಿನದ ರಜೆ, ಒಂದೇ ಸಲ ಕಟ್ಟುವ ಮೊತ್ತ. ಮನೆಗೆ ಬಂದ ಮೇಲೆ ತೊಳೆಯಲು ಬೈಕಿಲ್ಲ. ದುಡಿಮೆಯ ನಡುವೆ ಬಿಡುವಿಲ್ಲದವರಿಗೆ ವರ್ಷವಿಡೀ ಬೈಕ್ ಸಾಕುವುದಕ್ಕಿಂತ ಇದೇ ಅಗ್ಗವಾಗಬಹುದು.

ಎಲ್ಲಿಗೆ ಎಂಬುದನ್ನು ಫೋಟೊ ನೋಡಿಯಲ್ಲ, ನೆಲ ನೋಡಿ ಆರಿಸಿ. ಮೊರಾಕೊದ ಮೆರ್ಜೂಗಾ ಬಳಿಯ ಎರ್ಗ್ ಶೆಬ್ಬಿ ಎಂದರೆ ಮರಳುದಿಬ್ಬ. ಅಲ್ಲಿ ಹಿಂದಕ್ಕೆ ಭಾರ ಹಾಕಿ, ಥ್ರಾಟಲ್ ಬಿಡದೆ, ನೋಟ ದೂರ ನೆಟ್ಟು ಓಡಿಸುವ ಎದೆಗಾರಿಕೆ ಬೇಕು, ಕೈ ಹಿಂಜರಿದಷ್ಟೂ ಚಕ್ರ ಹೂಳುತ್ತದೆ. ಅದೇ ಮೊರಾಕೊದ ಅಟ್ಲಾಸ್ ಬೆಟ್ಟದ ಜಲ್ಲಿ ಹಾದಿಗಳು ಹೊಸಬರಿಗೂ ಒಗ್ಗುತ್ತವೆ. ಲೆಸೊಥೊದ ಅತ್ಯಂತ ತಗ್ಗಿನ ಜಾಗವೇ ಸಮುದ್ರಮಟ್ಟದಿಂದ 1,400 ಮೀಟರ್ ಮೇಲಿದೆ, ಸಾನಿ ಕಣಿವೆದಾರಿಯ ನೆತ್ತಿ 2,800 ದಾಟುತ್ತದೆ. ಸಡಿಲ ಕಲ್ಲು, ಕಡಿದಾದ ತಿರುವು ಅಲ್ಲಿನ ಸ್ವಭಾವ. ರೊಮೇನಿಯಾದ ಸಿಬಿಯು ಸುತ್ತಲಿನ ಬೆಟ್ಟಗಳು ಜಗತ್ತಿನ ಅತಿ ಕಠಿಣ ಎಂಡ್ಯೂರೋ ಸ್ಪರ್ಧೆಗಳಲ್ಲೊಂದಕ್ಕೆ ಹೆಸರಾದವು. ಅಲ್ಲಿಗೆ ಹೋಗುವವರು ಮೇಲಿನ ಮೂರು ಪರೀಕ್ಷೆಗಳನ್ನು ನಿದ್ದೆಯಲ್ಲಿಯೂ ದಾಟುವಂತಿರಬೇಕು. ಮಂಗೋಲಿಯಾದಲ್ಲಿ ಸವಾಲು ನದಿ. ನೀರು ಆಕ್ಸಲ್ ಮಟ್ಟದಲ್ಲಿದ್ದರೆ ಸರಿ, ಮೇಲೆ ಹೋದಂತೆ ನಡೆದು ನೋಡಿ ಇಳಿಯಿರಿ. ಬೈಕ್ ನೀರಿಗೆ ಬಿದ್ದು ಮುಳುಗಿದರೆ ಆ ಕ್ಷಣ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತಿ, ಏನೇ ಆದರೂ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಕುಗ್ಗುವ ವಸ್ತುವಲ್ಲ, ಸಿಲಿಂಡರಿನಲ್ಲಿ ಸಿಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಬೈಕ್ ತಿರುಗಿಸಿ ನೀರು ಬಸಿದು, ಪ್ಲಗ್ ಇಲ್ಲದೆಯೇ ಎಂಜಿನ್ ತಿರುಗಿಸಿ ಚಿಮ್ಮಿಸಿದ ಮೇಲಷ್ಟೇ ಮುಂದಿನ ಮಾತು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಬದಲಿಸಲೇಬೇಕು.

ಎತ್ತರದ ನಾಡಿಗೆ ಹೋಗುವುದಾದರೆ ದಿನಗಳ ಪಟ್ಟಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಓದಿ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ಒಂದು ರಾತ್ರಿಯಿಂದ ಇನ್ನೊಂದಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಂದು ಬಿಡುವು ಇರಬೇಕು. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ಎಂಜಿನ್ ಏದುಸಿರು ಬಿಡುತ್ತದೆ, ನೀವೂ ಬಿಡುತ್ತೀರಿ, ಆಗ ಬೈಕ್ ಎತ್ತುವುದು ಬೇರೆಯದೇ ಕಥೆ.

ಪ್ರಚಾರಪತ್ರದಲ್ಲಿ ‘ದಿನಕ್ಕೆ 150 ಕಿ.ಮೀ.’ ಎಂದಿದ್ದರೆ ಎಷ್ಟು ಗಂಟೆ ಎಂದು ಕೇಳಿ. ಜಲ್ಲಿ ರಸ್ತೆಯಲ್ಲಿ ಅದು ಅರ್ಧ ದಿನ, ಕಲ್ಲುಬಂಡೆಯ ಒಂಟಿ ಹಾದಿಯಲ್ಲಿ ಕತ್ತಲಾದರೂ ಮುಗಿಯದ ದಿನ. ಬೈಕಿನ ಹಾನಿಗೆ ಎಷ್ಟು ಠೇವಣಿ, ಸುಟ್ಟ ಕ್ಲಚ್‌ಗೆ ಯಾರು ಹೊಣೆ, ಗಾಡಿ ಟ್ರೇಲ್‌ನಿಂದ ಎಷ್ಟು ದೂರದಲ್ಲಿರುತ್ತದೆ, ಸ್ಯಾಟಲೈಟ್ ಫೋನ್ ಯಾರ ಬಳಿ, ಈ ನಾಲ್ಕಕ್ಕೂ ಬರವಣಿಗೆಯಲ್ಲಿ ಉತ್ತರ ಪಡೆಯಿರಿ.

ಚಾರಿಟಿ ರೈಡ್

ಹೊರನೋಟಕ್ಕೆ ಇದು ಟೂರ್‌ನ ಅಣ್ಣತಮ್ಮ, ಒಳಗಿನ ಲೆಕ್ಕ ಪೂರ್ತಿ ಬೇರೆ. ಎರಡು ಬಗೆ. ಒಂದರಲ್ಲಿ ಪ್ರವಾಸದ ಖರ್ಚು ನಿಮ್ಮದೇ, ನೀವು ಸಂಗ್ರಹಿಸಿದ ದೇಣಿಗೆ ಪೂರ್ತಿ ಸಂಸ್ಥೆಗೆ. ಇನ್ನೊಂದರಲ್ಲಿ ನೀವು ಕಟ್ಟುವುದು ನೋಂದಣಿ ಶುಲ್ಕ ಮಾತ್ರ, ಉಳಿದಂತೆ ಇಂತಿಷ್ಟು ಕನಿಷ್ಠ ದೇಣಿಗೆ ತರಬೇಕು, ಅದರಲ್ಲೇ ಪ್ರವಾಸದ ಖರ್ಚು ಕಳೆಯುತ್ತದೆ. ಎರಡನೆಯದು ಕಾನೂನುಬಾಹಿರವೇನಲ್ಲ. ಆದರೆ ನೂರರಲ್ಲಿ ನಲವತ್ತೈದು ನಿಮ್ಮ ವಿಮಾನ, ಬೈಕು, ಹೋಟೆಲಿಗೆ ಹೋಗುವುದಾದರೆ ದೇಣಿಗೆ ಕೊಟ್ಟ ಚಿಕ್ಕಮ್ಮನಿಗೂ ಸಹೋದ್ಯೋಗಿಗೂ ಅದು ಗೊತ್ತಿರಬೇಕು. ಹೇಳಲು ನಾಚಿಕೆಯಾಗುತ್ತದೆ ಎನಿಸಿದರೆ ಆ ಬಗೆ ನಿಮಗಲ್ಲ.

ಕೇಳಬೇಕಾದ್ದು ಇಷ್ಟು: ದೇಣಿಗೆ ನೇರ ಸಂಸ್ಥೆಯ ಖಾತೆಗೋ, ಪ್ರವಾಸ ಕಂಪನಿಯ ಖಾತೆಗೋ? ಗುರಿ ಮುಟ್ಟದಿದ್ದರೆ ಬಾಕಿಯನ್ನು ನೀವು ತುಂಬಬೇಕೋ, ಹೆಸರು ತೆಗೆಯುತ್ತಾರೋ? ಕಾಲು ಮುರಿದು ಹೋಗಲಾಗದಿದ್ದರೆ ಸಂಗ್ರಹಿಸಿದ ಹಣದ ಗತಿಯೇನು? ಸಂಸ್ಥೆಯ ನೋಂದಣಿ ಸಂಖ್ಯೆ, ಲೆಕ್ಕಪರಿಶೋಧನೆಯ ವರದಿ ಎಲ್ಲಿ ಸಿಗುತ್ತದೆ? ಹೇಳದೆ ಜಾರಿಕೊಳ್ಳುವವರ ಜೊತೆ ಬೆಟ್ಟ ಹತ್ತುವುದು ಬೇಡ.

ಸವಾರಿ ಹೇಗಿರುತ್ತದೆ? ತಂಡ ದೊಡ್ಡದು, ಕೌಶಲ ಮಿಶ್ರ. ಆದ್ದರಿಂದ ಹಾದಿ ಸಾಮಾನ್ಯವಾಗಿ ಸುಲಭದ್ದು, ಕಾಯುವಿಕೆ ಹೆಚ್ಚು. ಒಬ್ಬರ ಪಂಕ್ಚರಿಗೆ ಇಪ್ಪತ್ತು ಜನ ಬಿಸಿಲಲ್ಲಿ ನಿಲ್ಲಬೇಕು. ನುರಿತವರಿಗೆ ಇದು ಬೇಸರ, ಹೊಸಬರಿಗೆ ವರ. ಹಣ ಕೂಡಿಸಲು ಆರೇಳು ತಿಂಗಳು ಬೇಕು, ಆ ಸಂಜೆಗಳೆಲ್ಲ ನಿಮ್ಮ ಲೆಕ್ಕಕ್ಕೇ ಬರೆದುಕೊಳ್ಳಿ.

ಇಲ್ಲೊಂದು ಅಪಾಯವಿದೆ, ಪ್ರಚಾರಪತ್ರದಲ್ಲಿ ಬರುವುದಿಲ್ಲ. ಸ್ವಂತ ದುಡ್ಡಿನ ಟೂರ್‌ನಲ್ಲಿ ಮೂರನೇ ದಿನ ಮಣಿಕಟ್ಟು ಊದಿಕೊಂಡರೆ ಗಾಡಿಯಲ್ಲಿ ಕೂರಲು ಯಾರಿಗೂ ಮುಜುಗರವಿಲ್ಲ. ಚಾರಿಟಿ ರೈಡ್‌ನಲ್ಲಿ ದುಡ್ಡು ಕೊಟ್ಟವರ ಮುಖಗಳೆಲ್ಲ ಕಣ್ಮುಂದೆ ಬರುತ್ತವೆ, ನಡುವೆ ಬಿಡಬಾರದೆಂಬ ಹಟಕ್ಕೆ ಬಿದ್ದು ಊದಿದ ಕೈಯಲ್ಲೇ ಓಡಿಸುತ್ತಾರೆ, ನಾಲ್ಕನೇ ದಿನ ಬ್ರೇಕ್ ಹಿಡಿಯಲಾಗದೆ ನಿಜವಾದ ಪೆಟ್ಟು ಮಾಡಿಕೊಳ್ಳುತ್ತಾರೆ. ಕಿಲೋಮೀಟರಿಗಿಷ್ಟು ಎಂದು ದೇಣಿಗೆ ಕೇಳಬೇಡಿ. ಹೋದರೂ ಬಿಟ್ಟರೂ ಸಲ್ಲುವಂತೆ ಒಟ್ಟು ಮೊತ್ತವನ್ನೇ ಕೇಳಿ.

ಬೈಕಿಗೂ ಸೇವೆಗೂ ನಿಜವಾದ ನಂಟಿರುವ ಕೆಲಸಗಳಿವೆ. ಆಂಡ್ರಿಯಾ ಮತ್ತು ಬ್ಯಾರಿ ಕೋಲ್ಮನ್ ದಂಪತಿ ರೇಸ್ ಸವಾರ ರ‍್ಯಾಂಡಿ ಮಾಮೊಲಾ ಜೊತೆ ಕಟ್ಟಿದ ರೈಡರ್ಸ್ ಫಾರ್ ಹೆಲ್ತ್ ಆಫ್ರಿಕಾದ ದೇಶಗಳಲ್ಲಿ ಆರೋಗ್ಯ ಕಾರ್ಯಕರ್ತರ ಬೈಕುಗಳು ನಿಲ್ಲದೆ ಓಡುವಂತೆ ನೋಡಿಕೊಳ್ಳುವ ಕೆಲಸಕ್ಕೆ ಇಳಿಯಿತು. ಕೊಟ್ಟ ಬೈಕು ಚೈನು, ಫಿಲ್ಟರು, ಆಯಿಲ್ ನೋಡಿಕೊಳ್ಳುವವರಿಲ್ಲದೆ ಮೂಲೆ ಸೇರುತ್ತಿತ್ತು ಎಂಬುದೇ ಅದರ ಮೂಲ. ಅಂಥ ನಂಟಿಲ್ಲದ, ಕೊನೆಯ ದಿನ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುವುದಷ್ಟೇ ಇರುವ ಕಾರ್ಯಕ್ರಮವಾದರೆ ಸಾಮಾನ್ಯ ಟೂರ್ ಹೋಗಿ, ಮೆಚ್ಚಿದ ಸಂಸ್ಥೆಗೆ ನೇರ ಚೆಕ್ ಬರೆಯುವುದೇ ಮೇಲು.

ಸ್ವಂತ ಬೈಕಿನಲ್ಲಿ ಗಡಿಯಾಚೆ

ತಿಂಗಳುಗಟ್ಟಲೆ ರಜೆಯಿದ್ದವರಿಗೆ ಮಾತ್ರ. ಬಿದ್ದರೆ ಎತ್ತುವವರು ನೀವೇ, ಅಥವಾ ದಾರಿಹೋಕರು. ಸಾಮಾನು ಸೇರಿ 170 ಕೆ.ಜಿ. ಮೀರಿದರೆ ಒಂಟಿಯಾಗಿ ಕಷ್ಟದ ಹಾದಿಗೆ ಇಳಿಯಬೇಡಿ. ಹಲವು ದೇಶಗಳು ಕಾರ್ನೆ ಎಂಬ ಕಸ್ಟಮ್ಸ್ ಪುಸ್ತಕ ಕೇಳುತ್ತವೆ. ಅದಕ್ಕೆ ಬೈಕಿನ ಬೆಲೆಗೆ ತಕ್ಕ ಠೇವಣಿ ಇಡಬೇಕು, ಒಳಹೋಗುವಾಗಲೂ ಹೊರಬರುವಾಗಲೂ ಮುದ್ರೆ ಬೀಳಬೇಕು. ಹೊರಮುದ್ರೆ ಹಾಕಿಸದೆ ಗಡಿ ದಾಟಿದರೆ ಬೈಕನ್ನು ಅಲ್ಲೇ ಮಾರಿದ್ದೀರೆಂದು ಸುಂಕ ಕೇಳುತ್ತಾರೆ, ಠೇವಣಿಗೆ ಎಳ್ಳುನೀರು. ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯಲ್ಲೂ ಎರಡು ಬಗೆ: 1949ರ ರಸ್ತೆ ಸಂಚಾರ ಒಪ್ಪಂದದ್ದಕ್ಕೆ ಒಂದು ವರ್ಷದ ಅವಧಿ, 1968ರದ್ದಕ್ಕೆ ಮೂರು ವರ್ಷದವರೆಗೆ. ಹೋಗುವ ದೇಶ ಯಾವುದನ್ನು ಒಪ್ಪುತ್ತದೆ ನೋಡಿಕೊಳ್ಳಿ.

ವಿಮೆ, ಬೂಟು, ಆಮೇಲೆ ಆಯ್ಕೆ

ಕೊನೆಯ ಮೂರೂ ದಾರಿಗಳಿಗೆ ಪ್ರವಾಸ ವಿಮೆ ಬೇಕು, ಬಹಳ ಜನ ಕಣ್ಣುಮುಚ್ಚಿ ಸಹಿ ಹಾಕುವುದೂ ಅದಕ್ಕೇ. ಹಲವು ಪಾಲಿಸಿಗಳು 125 ಸಿ.ಸಿ. ಮೀರಿದ ಬೈಕನ್ನು ಹೊರಗಿಡುತ್ತವೆ, ಕೆಲವು ಡಾಂಬರು ಬಿಟ್ಟ ಹಾದಿಯನ್ನು, ಕೆಲವು ಇಂತಿಷ್ಟು ಎತ್ತರದ ಮೇಲಿನದನ್ನು. ನಿಮ್ಮ ಪರವಾನಗಿಯಲ್ಲಿ ಆ ದರ್ಜೆಯ ಬೈಕಿಗೆ ಅನುಮತಿ ಇಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಹೆಲಿಕಾಪ್ಟರಿನಲ್ಲಿ ಸಾಗಿಸುವ ಖರ್ಚು ಸೇರಿದೆಯೇ ಎಂಬುದನ್ನು ಇಮೇಲ್‌ನಲ್ಲಿ ಕೇಳಿ ಉತ್ತರ ಉಳಿಸಿಕೊಳ್ಳಿ.

ಐದಕ್ಕೂ ಸಮಾನವಾದದ್ದು ಉಡುಪು. ಹಣ ಸಾಲದಿದ್ದರೆ ಕ್ರಮ ಹೀಗಿರಲಿ: ಸುರಕ್ಷತಾ ಪರೀಕ್ಷೆ ದಾಟಿದ್ದನ್ನು ಹೇಳುವ ಇಸಿಇ 22.06 ಗುರುತಿನ ಹೆಲ್ಮೆಟ್, ಮೊಣಕಾಲಿನವರೆಗೆ ಬರುವ ಗಟ್ಟಿ ಬೂಟು, ಇಎನ್ 1621 ದರ್ಜೆಯ ಮಂಡಿ ಮತ್ತು ಮೊಣಕೈ ರಕ್ಷೆ, ಗಾಗಲ್. ಜಾಕೆಟ್ಟು ಕೊನೆಗೆ. ಹೊಸ ಬೂಟನ್ನು ಟೂರ್‌ನ ಮೊದಲ ದಿನ ತೊಡಬೇಡಿ, ಮೂವತ್ತು ಗಂಟೆ ತೊಟ್ಟು ಪಳಗಿಸದಿದ್ದರೆ ಗೇರ್ ಲಿವರ್ ಕಾಲಿಗೆ ತಿಳಿಯುವುದೇ ಇಲ್ಲ.

ಬಜೆಟ್ ಚಿಕ್ಕದು, ಅನುಭವವಿಲ್ಲ ಎಂದರೆ ಶಾಲೆ, ಆಮೇಲೆ ಹಳೆಯ ಹಗುರ ಬೈಕ್. ಹಣವಿದೆ, ಸಮಯವಿಲ್ಲ ಎಂದರೆ ಎರಡು ದಿನ ಶಾಲೆ ಮುಗಿಸಿ, ಜಲ್ಲಿ ಹಾದಿಯ ಟೂರ್, ಮರಳುದಿಬ್ಬ ಮುಂದಿನ ವರ್ಷಕ್ಕೆ. ಸಮಯವಿದೆ, ಹಣವಿಲ್ಲ ಎಂದರೆ ಹತ್ತಿರದ ಟ್ರೇಲ್. ಜನರೊಡನೆ ಬೆರೆಯುವುದು ಇಷ್ಟ, ದೇಣಿಗೆ ಕೇಳಲು ಸಂಕೋಚವಿಲ್ಲ, ಪ್ರವಾಸದ ಖರ್ಚು ಸ್ವಂತ ಕಿಸೆಯಿಂದ ಹಾಕಬಲ್ಲಿರಿ ಎಂದರೆ ಚಾರಿಟಿ ರೈಡ್ ಚೆನ್ನ. ಬೆನ್ನು ಮಂಡಿಯ ತೊಂದರೆ ಇರುವವರು ಯಾವುದೇ ದಾರಿಯಲ್ಲೂ ಸಿಕ್ಕುವ ಅತ್ಯಂತ ಹಗುರ ಬೈಕನ್ನೇ ಕೇಳಲಿ. ಟೂರ್ ನಡೆಸುವವರು ‘ಎಲ್ಲರಿಗೂ ಒಂದೇ ಮಾದರಿ’ ಎಂದರೆ ಬೇರೆಯವರನ್ನು ಹುಡುಕಲಿ.

ಇನ್ನೂ ಅನುಮಾನ ಉಳಿದಿದ್ದರೆ, ಮುಂಗಡ ಕಟ್ಟುವ ವಾರ ಹೀಗೆ ಮಾಡಿ. ಓಡಿಸಬೇಕಿರುವ ತೂಕದ ಬೈಕೊಂದನ್ನು ಹುಲ್ಲಿನ ಮೇಲೆ ಬಲಕ್ಕೆ ಮಲಗಿಸಿ, ಬೂಟು ಹೆಲ್ಮೆಟ್ ತೊಟ್ಟುಕೊಳ್ಳಿ. ಸೈಡ್ ಸ್ಟ್ಯಾಂಡ್ ಹೊರಕ್ಕೆ ತೆರೆದಿಡಿ, ಇಲ್ಲವಾದರೆ ಎತ್ತಿದ ಭರಕ್ಕೆ ಆಚೆ ಬದಿಗೆ ಉರುಳುತ್ತದೆ. ಗೇರಿನಲ್ಲಿಡಿ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಸೀಟಿಗೆ ಬೆನ್ನು ಕೊಟ್ಟು ಕುಳಿತು, ಒಂದು ಕೈಯಲ್ಲಿ ಹ್ಯಾಂಡಲ್ ತುದಿ, ಇನ್ನೊಂದರಲ್ಲಿ ಹಿಂದಿನ ಚೌಕಟ್ಟು ಹಿಡಿದು, ಸೊಂಟದಿಂದಲ್ಲ, ತೊಡೆಯ ಬಲದಿಂದ ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಹಿಂದಕ್ಕೆ ತಳ್ಳಿ. ಎರಡು ನಿಮಿಷ ಬಿಡುವು ಕೊಟ್ಟು ಮತ್ತೆ ಮಲಗಿಸಿ, ಮತ್ತೆ ಎತ್ತಿ. ಐದು ಸಲ ಆದರೆ ಒಂಟಿಯಾಗಿ ಹೋಗುವ ದಾರಿಗಳನ್ನೂ ಯೋಚಿಸಬಹುದು. ಎರಡಕ್ಕೇ ಕೈಸೋತರೆ ಹಿಂದೆ ಗಾಡಿ ಬರುವ ಟೂರ್ ಆರಿಸಿ, ಇಲ್ಲವೇ ಐವತ್ತು ಕೆ.ಜಿ. ಕಡಿಮೆಯ ಬೈಕ್ ಹುಡುಕಿ.